ಕಾಗದದ ಮೇಲಿನ ಕಪ್ಪೆಲ್ಲ ಮಸಿಯಲ್ಲ!

ನಿಮ್ಮ ಮನೆಯ ಬೀರುವಿನಲ್ಲಿ ಕಾಗದಪತ್ರದ ಫೈಲೊಂದು ಇದ್ದೇ ಇರುತ್ತದೆ. ಮನೆಯ ಕ್ರಯಪತ್ರದ ನಕಲು, ಮಕ್ಕಳ ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಿಕ್ಸಿ ಕೊಂಡ ಬಿಲ್ಲು, ಮಾವನವರ ಇ.ಸಿ.ಜಿ., ಮಗಳ ಚೊಚ್ಚಲ ಬಸಿರಿನ ಸ್ಕ್ಯಾನಿಂಗ್ ಚಿತ್ರ... ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ, ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿ ಇಟ್ಟುಬಿಟ್ಟಿರುತ್ತೇವೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅದನ್ನೆಲ್ಲ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲದರ ಮೇಲೂ ಕಪ್ಪು ಅಕ್ಷರವೇ. ಆದರೆ ಒಂದರ ಕಪ್ಪು ಇನ್ನೊಂದರ ಕಪ್ಪಲ್ಲ! ಒಂದು ಎಣ್ಣೆಯಲ್ಲಿ ಅರೆದ ಮಸಿ. ಇನ್ನೊಂದು ನೀರಿನಲ್ಲಿ ಕರಗಿದ ಬಣ್ಣ. ಮತ್ತೊಂದು ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ಪುಡಿ. ಕೊನೆಯದೊಂದರಲ್ಲಂತೂ ಮಸಿಯೇ ಇಲ್ಲ! ಇವುಗಳಲ್ಲಿ ಒಂದು ನೂರು ವರ್ಷ ಬಾಳುತ್ತದೆ, ಇನ್ನೊಂದು ಕೆಲವು ಬೇಸಿಗೆ ಕಳೆಯುವುದರೊಳಗೆ ಬಿಳಿ ಹಾಳೆಯಾಗುತ್ತದೆ. ಯಾವುದು ಯಾವುದು ಅಂತ ಗೊತ್ತಿದ್ದರೆ ಆ ಫೈಲು ಬೇಕಾದ ದಿನ ಕೈಕೊಡುವುದಿಲ್ಲ.

“ಅಯ್ಯೋ, ಪ್ರಿಂಟರು, ಟೋನರು ಎಲ್ಲ ಆಫೀಸಿನವರ ಮಾತು, ನಮಗ್ಯಾಕೆ?” ಅಂತೀರಾ? ಹಾಗೆ ಹೇಳುವ ಹಾಗಿಲ್ಲ. ಈ ವಿದ್ಯೆಯ ಬೇರು ಇರುವುದೇ ನಮ್ಮ ದೀಪದ ಕುಡಿಯಲ್ಲಿ.

ಕಾಡಿಗೆಯ ನಂಟು

ಮನೆಯಲ್ಲಿ ಕಾಡಿಗೆ ಮಾಡುವುದನ್ನು ನೀವೂ ನೋಡಿರಬಹುದು. ಹರಳೆಣ್ಣೆಯ ದೀಪ ಹಚ್ಚಿ, ಅಕ್ಕಪಕ್ಕ ಎರಡು ಲೋಟ ನಿಲ್ಲಿಸಿ, ಮೇಲೊಂದು ತಟ್ಟೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತಟ್ಟೆಯ ತಳಕ್ಕೆ ಮೆತ್ತನೆಯ ಕಪ್ಪು ಕೂತಿರುತ್ತದೆ. ಕೆರೆದು ತೆಗೆದು ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದರೆ ಕಾಡಿಗೆ. ಅಂಥದೇ ದೀಪದ ಕಪ್ಪನ್ನು ಕುದಿಸಿ ಮಂದ ಮಾಡಿದ ಅಗಸೆ ಎಣ್ಣೆಯಲ್ಲಿ ಚೆನ್ನಾಗಿ ಅರೆದರೆ ಅಚ್ಚಿನ ಮಸಿ! ಹದಿನೈದನೆಯ ಶತಮಾನದ ಜರ್ಮನಿಯಲ್ಲಿ ಗುಟೆನ್‌ಬರ್ಗ್ ಲೋಹದ ಮೊಳೆಗಳಿಂದ ಪುಸ್ತಕ ಅಚ್ಚು ಹಾಕಲು ಹೊರಟಾಗ ಅವನಿಗೂ ಬೇಕಾದದ್ದು ಎಣ್ಣೆಯ ಮಸಿಯೇ. ನೀರಿನ ಶಾಯಿ ಲೋಹದ ಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿಹೋಗುತ್ತದೆ, ಎಣ್ಣೆಯ ಮಸಿ ಜಿಗುಟಾಗಿ ಹಿಡಿದುಕೊಳ್ಳುತ್ತದೆ.

ದೀಪದ ಕಪ್ಪು ಅಂದರೆ ಇಂಗಾಲ. ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಕರಗುವುದಿಲ್ಲ. ನಮ್ಮ ತಾಳೆಗರಿ ಗ್ರಂಥಗಳ ಗುಟ್ಟೂ ಇದೇ. ಕಂಠದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮೇಲೆ ಕಪ್ಪು ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು. ಗರಿಯನ್ನು ಹುಳ ತಿಂದರೂ ತಿಂದೀತು, ಉಳಿದ ಅಕ್ಷರ ಮಾತ್ರ ಮಾಸದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟಿನ ಹಳೆಯ ಪ್ರತಿ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕರೆ ತೆರೆದು ನೋಡಿ. ಹಾಳೆಗೆ ವಯಸ್ಸಾಗಿರುತ್ತದೆ, ಅಕ್ಷರಕ್ಕೆ ಆಗಿರುವುದಿಲ್ಲ.

ಹಿಂದಿನವರು ಕೈಬರಹಕ್ಕೆ ಮಾಡಿಕೊಳ್ಳುತ್ತಿದ್ದ ಇನ್ನೊಂದು ಶಾಯಿಯುಂಟು, ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿದ್ದು. ಅಳಲೆಕಾಯಿಯ ಒಗರೂ ಅನ್ನಭೇದಿಯ ಕಬ್ಬಿಣದ ಅಂಶವೂ ಸೇರಿದರೆ ಕಪ್ಪು ಹುಟ್ಟುತ್ತದೆ. ತಲೆಗೂದಲಿಗೆಂದು ನೆಲ್ಲಿಕಾಯಿ ಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಕಪ್ಪಾಗಿರುತ್ತದಲ್ಲ, ಅದೇ ಇದು. ಈ ಶಾಯಿಗೆ ಒಂದು ದುರ್ಗುಣ. ವರ್ಷಗಳು ಕಳೆದ ಹಾಗೆ ಕಂದುಬಣ್ಣಕ್ಕೆ ತಿರುಗುತ್ತದೆ, ಕಾಗದವನ್ನೇ ತಿನ್ನುತ್ತದೆ. ತಾತನ ಕಾಲದ ಪತ್ರದಲ್ಲಿ ಅಕ್ಷರ ಇದ್ದ ಕಡೆಯೇ ತೂತು ಬಿದ್ದಿದ್ದರೆ ಜಿರಲೆಯನ್ನು ಬೈಯಬೇಡಿ!

ಚಾಮರಾಜಪೇಟೆಯ ಅಚ್ಚಿನಮನೆಗಳು

ಬೆಂಗಳೂರಿಗೆ ಅಚ್ಚಿನ ಮಸಿಯ ವಾಸನೆ ಹೊಸದೇನಲ್ಲ. 1840ರ ದಶಕದಲ್ಲೇ ಇಲ್ಲಿ ವೆಸ್ಲಿಯನ್ ಮಿಷನ್ನಿನವರು ಕನ್ನಡ ಪುಸ್ತಕ ಅಚ್ಚು ಹಾಕುತ್ತಿದ್ದರು. ಬೆಂಗಳೂರು ಪ್ರಿಂಟಿಂಗ್ ಅಂಡ್ ಪಬ್ಲಿಷಿಂಗ್ ಕಂಪನಿ ಶುರುವಾದದ್ದು 1916ರಲ್ಲಿ. ಚಾಮರಾಜಪೇಟೆಗೆ ಕನ್ನಡ ಸಾಹಿತ್ಯ ಪರಿಷತ್ತು ಬಂತು, ಅದರ ಜೊತೆಗೆ ಬಿ.ಎಂ.ಶ್ರೀ. ಹೆಸರಿನ ಅಚ್ಚುಕೂಟವೂ ಬಂತು. ಸುತ್ತಮುತ್ತಲ ಓಣಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟ್ರೆಡಲ್ ಮೆಷಿನ್ ಇಟ್ಟುಕೊಂಡ ಸಣ್ಣ ಪ್ರೆಸ್ಸುಗಳು. ಮೊಳೆ ಜೋಡಿಸುವವರಿಗೆ ಕನ್ನಡ ಅಂದರೆ ಸುಲಭದ ಕೆಲಸವಲ್ಲ. ಅಕ್ಷರಕ್ಕೊಂದು ಮೊಳೆ, ಒತ್ತಿಗೊಂದು ಮೊಳೆ, ಗುಣಿತಕ್ಕೆ ಬೇರೆ. ಮದುವೆಯ ಕರೆಯೋಲೆಯಲ್ಲಿ “ಚಿ|| ಸೌ||” ಹಾಕುವಷ್ಟರಲ್ಲೇ ಕೈ ನಾಲ್ಕು ಗೂಡಿಗೆ ಹೋಗಿ ಬರಬೇಕು. ಸಂಜೆ ಮೊಳೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದಿಡುತ್ತಿದ್ದರು.

ಈ ಮಸಿಗೆ ನಮ್ಮ ಹೆಂಗಸರೂ ಹೊರಗಿನವರಾಗಿರಲಿಲ್ಲ. ನಂಜನಗೂಡಿನ ತಿರುಮಲಾಂಬ (1887-1982) ತಾವೇ ಬರೆದು, ತಾವೇ ಪುಸ್ತಕಗಳನ್ನು ಹೊರತಂದವರು, ಪತ್ರಿಕೆಯನ್ನೂ ನಡೆಸಿದವರು. ಚಾಮರಾಜಪೇಟೆಯ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮನವರು “ಸರಸ್ವತಿ” ಎಂಬ ಮಾಸಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು. ಬೆರಳಿಗೆ ಮಸಿ ಮೆತ್ತಿಕೊಳ್ಳದೆ, ಕರಡು ತಿದ್ದದೆ ಆ ಕಾಲದಲ್ಲಿ ಪತ್ರಿಕೆ ನಡೆಸುವ ಹಾಗಿತ್ತೇ?

ಬೋಂಡಾ ಸುತ್ತಿದ ಪೇಪರು

ಪುಸ್ತಕದ ಮಸಿಯಲ್ಲಿನ ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ದಿನಪತ್ರಿಕೆಗೆ ಅಷ್ಟು ಪುರುಸೊತ್ತು ಎಲ್ಲಿ? ರಾತ್ರಿ ಅಚ್ಚಾಗಿ ಬೆಳಗ್ಗೆ ಹಾಲಿನ ಜೊತೆ ಬಾಗಿಲಿಗೆ ಬರಬೇಕು. ಅದಕ್ಕೆ ಹಾಕುವ ಮಸಿ ಒಣಗುವುದೇ ಇಲ್ಲ, ಕಾಗದ ಅದನ್ನು ಹೀರಿಕೊಳ್ಳುತ್ತದೆ ಅಷ್ಟೆ. ಪೇಪರ್ ಓದಿ ಮುಗಿಸಿದವರ ಬೆರಳು ಕಪ್ಪಾಗುವುದು ಅದಕ್ಕೇ.

ಈಗ ಯೋಚಿಸಿ. ಬಾಣಲೆಯಿಂದ ತೆಗೆದ ಬಿಸಿ ಬೋಂಡಾ, ಬಜ್ಜಿಯನ್ನು ಎಣ್ಣೆ ಇಳಿಯಲಿ ಅಂತ ಪೇಪರಿನ ಮೇಲೆ ಹಾಕುತ್ತೇವೆ. ಮಸಿಯೂ ಎಣ್ಣೆಯದು, ಬೋಂಡಾದ್ದೂ ಎಣ್ಣೆ, ಮೇಲೆ ಬಿಸಿ ಬೇರೆ. ಎರಡೂ ಬೆರೆಯದೆ ಇದ್ದಾವೆಯೇ? ನಾವು ಎಣ್ಣೆ ಇಳಿಸಿದೆವು ಅಂದುಕೊಂಡರೆ ಮಸಿ ಏರಿಸಿಕೊಂಡಿರುತ್ತೇವೆ. ಭಾರತ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2016ರ ಡಿಸೆಂಬರಿನಲ್ಲಿ ಈ ವಿಷಯಕ್ಕೇ ಎಚ್ಚರಿಕೆ ಕೊಟ್ಟಿತು. 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ತಿಂಡಿ ಕಟ್ಟುವುದಕ್ಕೆ, ಸುತ್ತಿಡುವುದಕ್ಕೆ ಸುದ್ದಿಪತ್ರಿಕೆ ಬಳಸಕೂಡದು ಎಂದೇ ಇದೆ. ವಿ.ವಿ. ಪುರಂ ತಿಂಡಿಬೀದಿಗೆ ಹೋದಾಗ ಅಂಗಡಿಯವರು ಪೇಪರಿನಲ್ಲಿ ಕೊಟ್ಟರೆ “ಎಲೆಯಲ್ಲಿ ಕೊಡಪ್ಪಾ” ಅಂತ ಕೇಳುವುದರಲ್ಲಿ ಸಂಕೋಚವೇನು? ಮನೆಯಲ್ಲಿ ಎಣ್ಣೆ ಇಳಿಸಲು ತೂತಿನ ತಟ್ಟೆಯೋ, ಬಾಳೆಲೆಯೋ ಸಾಕು. ಕಡಲೆಕಾಯಿ ಪರಿಷೆಯಲ್ಲಿ ಸಿಪ್ಪೆಯೊಳಗಿನ ಕಡಲೆಕಾಯಿ ಪೊಟ್ಟಣದಲ್ಲಿ ತಂದರೆ ಅಷ್ಟು ಭಯವಿಲ್ಲ, ಸಿಪ್ಪೆಯೇ ಕಾವಲು.

ಜೆರಾಕ್ಸ್ ಅಂದರೆ ಒಣ ಬರಹ

ಮೊಳೆ ಜೋಡಿಸುವ ಕಾಲ ಮುಗಿಯಿತು. ಆ ಓಣಿಗಳಲ್ಲಿ, ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಈಗ ಕಾಣುವ ಬೋರ್ಡು: ಜೆರಾಕ್ಸ್, ಡಿ.ಟಿ.ಪಿ., ಕಲರ್ ಪ್ರಿಂಟ್. ಜೆರಾಕ್ಸ್ ಎಂಬುದು ಒಂದು ಕಂಪನಿಯ ಹೆಸರು. 1983ರಲ್ಲಿ ಮೋದಿ ಜೆರಾಕ್ಸ್ ಎಂಬ ಕಂಪನಿ ಶುರುವಾದ ಮೇಲೆ ನಮ್ಮಲ್ಲಿ ನಕಲಿಗೇ ಆ ಹೆಸರು ಅಂಟಿಕೊಂಡಿತು. ಅದರ ಮೂಲ “ಒಣ” ಎಂಬ ಅರ್ಥದ ಗ್ರೀಕ್ ಶಬ್ದ. ಇದರಲ್ಲಿ ಒಂದು ತೊಟ್ಟೂ ಶಾಯಿಯಿಲ್ಲ, ಇರುವುದೆಲ್ಲ ಪುಡಿ.

ಇದನ್ನು ಕಂಡುಹಿಡಿದ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಪೇಟೆಂಟು ನೋಡಿಕೊಳ್ಳುವ ಕಚೇರಿಯಲ್ಲಿದ್ದವನು. ದಿನವಿಡೀ ಕಾಗದಗಳ ನಕಲು ಬೇಕು. ಕೈಬರಹದಲ್ಲಿ ಇಳಿಸೋಣವೆಂದರೆ ಅವನಿಗೆ ಕಣ್ಣು ಮಂದ, ಕೀಲುನೋವು ಬೇರೆ. ಹಾಗಾಗಿ ಪ್ರಯೋಗ ಶುರುಮಾಡಿದ. ಎಲ್ಲಿ ಅಂತೀರಿ? ಮನೆಯ ಅಡುಗೆಕೋಣೆಯಲ್ಲಿ! ಒಲೆಯ ಮೇಲೆ ಗಂಧಕ ಕರಗಿಸಿ ಸತುವಿನ ತಗಡಿಗೆ ಲೇಪಿಸುತ್ತಿದ್ದ. ಕೊಳೆತ ಮೊಟ್ಟೆಯ ನಾತವಂತೆ. ಆ ಮನೆಯವರು ಹೇಗೆ ಸಹಿಸಿಕೊಂಡರೋ! ಕೊನೆಗೆ ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, 1938ರ ಅಕ್ಟೋಬರ್ 22ರಂದು ಅವನೂ ಅವನ ಸಹಾಯಕ ಆಟೊ ಕೊರ್ನೈಯೂ ಗಾಜಿನ ಮೇಲೆ ಆ ದಿನದ ತಾರೀಕನ್ನೂ ಊರಿನ ಹೆಸರನ್ನೂ ಬರೆದರು. ಗಂಧಕದ ತಗಡನ್ನು ಬಟ್ಟೆಯಿಂದ ಉಜ್ಜಿ, ಗಾಜನ್ನು ಮೇಲಿಟ್ಟು ಬೆಳಕು ಬಿಟ್ಟು, ಸಣ್ಣ ಪುಡಿ ಉದುರಿಸಿ ಊದಿದರು. ತಗಡಿನ ಮೇಲೆ ಅಕ್ಷರ ನಿಂತಿತ್ತು! ಮೇಣದ ಕಾಗದ ಒತ್ತಿದರೆ ಅದಕ್ಕೂ ಇಳಿಯಿತು. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಇದನ್ನು ಬೇಡವೆಂದವು. ಜೆರಾಕ್ಸ್ 914 ಎಂಬ ಯಂತ್ರ ಹೊರಬರಲು 1959 ಆಗಬೇಕಾಯಿತು. ಅದು ಸುಮಾರು 300 ಕೆ.ಜಿ. ತೂಕದ್ದು, ಕಾಗದ ಸಿಕ್ಕಿಕೊಂಡು ಕಾವಿಗೆ ಹೊತ್ತಿಕೊಂಡರೆ ಇರಲಿ ಅಂತ ಬೆಂಕಿ ಆರಿಸುವ ಡಬ್ಬಿಯನ್ನೂ ಜೊತೆಗೆ ಕೊಡುತ್ತಿದ್ದರು.

ಉಜ್ಜಿದರೆ ಪುಡಿ ಯಾಕೆ ಅಂಟಿತು? ಒಣ ತಲೆಗೂದಲು ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುವುದಿಲ್ಲವೇ? ಚಳಿಗಾಲದಲ್ಲಿ ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಅನ್ನುವುದಿಲ್ಲವೇ? ಅದೇ ವಿದ್ಯುತ್ತು. ಯಂತ್ರದೊಳಗೆ ಲಟ್ಟಣಿಗೆಯಂಥ ಒಂದು ಡ್ರಮ್ಮು ತಿರುಗುತ್ತಿರುತ್ತದೆ. ಮೊದಲು ಅದಕ್ಕೆಲ್ಲ ಈ ವಿದ್ಯುತ್ತು ತುಂಬಿ, ಮೇಲೆ ಬೆಳಕು ಬಿಡುತ್ತಾರೆ. ನಿಮ್ಮ ಕಾಗದದ ಬಿಳಿ ಜಾಗದಿಂದ ಬಂದ ಬೆಳಕು ಬಿದ್ದ ಕಡೆ ವಿದ್ಯುತ್ತು ಹೋಗುತ್ತದೆ, ಕಪ್ಪಕ್ಷರದ ಆಕಾರದಲ್ಲಿ ಮಾತ್ರ ಉಳಿಯುತ್ತದೆ. ಅಲ್ಲಿಗೆ ಟೋನರ್ ಪುಡಿ ಹೋಗಿ ಕೂರುತ್ತದೆ, ಅಲ್ಲಿಂದ ಹಾಳೆಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಅದು ಹೊಸ್ತಿಲ ಮುಂದಿನ ರಂಗೋಲಿಯ ಹಾಗೆ, ಊದಿದರೆ ಹಾರಿಹೋದೀತು. ಆಮೇಲೆ ಕಾದ ರೋಲರಿನ ಕೆಳಗೆ ಹಾಯ್ದಾಗ ಪುಡಿ ಕರಗಿ ಕಾಗದಕ್ಕೆ ಅಂಟುತ್ತದೆ. ಅಂಗಡಿಯವನು ಕೊಡುವ ಹಾಳೆ ಆಗಷ್ಟೇ ಕಾವಲಿಯಿಂದ ತೆಗೆದ ದೋಸೆಯ ಹಾಗೆ ಬೆಚ್ಚಗಿರುವುದು ಇದಕ್ಕೇ.

ಕರಗುವುದು ಏನು? ಪ್ಲಾಸ್ಟಿಕ್! ಟೋನರಿನಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ಅದಕ್ಕೆ ಕಪ್ಪು ಕೊಡುವುದು ಮಾತ್ರ ಮತ್ತೆ ಇಂಗಾಲ, ನಮ್ಮ ಕಾಡಿಗೆಯ ತಂಗಿ. ಒಂದೊಂದು ಕಣ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದು.

ಪ್ಲಾಸ್ಟಿಕ್ ಕವರಿನ ಕಿತಾಪತಿ

ಜೆರಾಕ್ಸಿನ ಅಕ್ಷರ ಪ್ಲಾಸ್ಟಿಕ್ ಅಂತ ತಿಳಿದ ಮೇಲೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಮಾಸುವ ಭಯವಿಲ್ಲ, ನೀರು ಬಿದ್ದರೂ ಹರಡುವುದಿಲ್ಲ. ಆದರೆ ಪಿ.ವಿ.ಸಿ.ಯ ಮೆತ್ತನೆಯ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ, ಆ ಕವರನ್ನು ಮೆತ್ತಗೆ ಮಾಡಲು ಹಾಕಿದ ಎಣ್ಣೆಯಂಥ ದ್ರವ್ಯ ಜಿನುಗಿ ಅಕ್ಷರವನ್ನೂ ಮೆತ್ತಗೆ ಮಾಡುತ್ತದೆ. ಒಂದು ದಿನ ಹಾಳೆ ಎಳೆದರೆ ಅಕ್ಷರ ಕವರಿನ ಮೇಲೆ, ಕಾಗದ ಬೋಳು! ಅಂಕಪಟ್ಟಿ, ಕ್ರಯಪತ್ರದ ನಕಲುಗಳಿಗೆ ಈ ಗತಿ ಬರುವುದು ಅಪರೂಪವೇನಲ್ಲ. ಅಂಗಡಿಯಲ್ಲಿ ಕೊಳ್ಳುವಾಗ “ಪಿ.ವಿ.ಸಿ. ಬೇಡ, ಪಿ.ಪಿ. ಕವರ್ ಕೊಡಿ” ಅನ್ನಿ. ಪಿ.ಪಿ. ಕವರು ಸ್ವಲ್ಪ ಗರಿಗರಿಯಾಗಿರುತ್ತದೆ, ಪಿ.ವಿ.ಸಿ.ಯ ಹಾಗೆ ಜಿಗುಟಾಗಿ ವಾಸನೆ ಹೊಡೆಯುವುದಿಲ್ಲ. ಅದೂ ಸಿಗದಿದ್ದರೆ ಖಾಕಿ ಕಾಗದದ ಲಕೋಟೆಯೇ ವಾಸಿ.

ಮಡಿಕೆ ಬಿದ್ದ ಕಡೆ ಟೋನರ್ ಸಿಡಿದು ಉದುರುತ್ತದೆ. ಆದ್ದರಿಂದ ಸಹಿ, ಸರ್ವೆ ನಂಬರು, ಮೊಬಲಗು ಇರುವ ಸಾಲಿನ ಮೇಲೆ ಮಡಿಸಬೇಡಿ. ಮುದುಡಿದ ಜೆರಾಕ್ಸ್ ಹಾಳೆಗೆ ಇಸ್ತ್ರಿ ಹಾಕಲೂಬೇಡಿ, ಕರಗಿ ಇಸ್ತ್ರಿಪೆಟ್ಟಿಗೆಗೇ ಅಂಟುತ್ತದೆ.

ಆದರೆ ಇದೇ ಅವಗುಣವನ್ನು ಜಾಣೆಯರು ಉಪಯೋಗಕ್ಕೆ ತಂದುಕೊಂಡಿದ್ದಾರೆ. ಎಂಬ್ರಾಯ್ಡರಿ ನಕ್ಷೆಯ ಜೆರಾಕ್ಸ್ ಮಾಡಿಸಿ, ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಬೆನ್ನಿಗೆ ಬಿಸಿ ಇಸ್ತ್ರಿ ಒತ್ತಿದರೆ ನಕ್ಷೆ ತೆಳ್ಳಗೆ ಬಟ್ಟೆಗೆ ಇಳಿಯುತ್ತದೆ. ಎಡಬಲ ಅದಲುಬದಲಾಗಿ ಬರುತ್ತದೆ, ನೆನಪಿರಲಿ. ಒಗೆದರೂ ಪೂರ್ತಿ ಹೋಗದು, ಗೆರೆಯ ಮೇಲೆಯೇ ದಾರ ಓಡಿಸಿ ಮುಚ್ಚಬೇಕು. ಹತ್ತಿ ಬಟ್ಟೆಗೆ ಇದು ಸರಿ, ರೇಷ್ಮೆಗೆ ಬೇಡ. (ಧಾರವಾಡದ ಕಸೂತಿ ಹಾಕುವವರು ಇದನ್ನು ಓದಿ ನಗುತ್ತಾರೆ. ಅವರದು ಎಳೆ ಎಣಿಸಿ ಹಾಕುವ ಕೆಲಸ, ನಕ್ಷೆಯ ಹಂಗೇ ಇಲ್ಲ!)

ಮನೆಯ ಪ್ರಿಂಟರಿನ ದುಬಾರಿ ನೀರು

ಮಕ್ಕಳ ಪ್ರಾಜೆಕ್ಟಿಗೆಂದು ಮನೆಗೆ ತರುವ ಕಲರ್ ಪ್ರಿಂಟರ್ ಸಾಮಾನ್ಯವಾಗಿ ಇಂಕ್‌ಜೆಟ್. ಇದರಲ್ಲಿರುವುದು ನಿಜವಾದ ಶಾಯಿ, ಬಹುಪಾಲು ನೀರು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯಲ್ಲಿ ಬೆಸುಗೆ ಹಾಕುವ ಕಾದ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಕಿತಂತೆ. ತಾಕಿದ್ದೇ ತಡ, ಶಾಯಿ ಚಿಮ್ಮಿತು. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅಂತ ಹಾರುತ್ತದಲ್ಲ, ಅದೇ ಯುಕ್ತಿ. ಕೂದಲೆಳೆಯಂಥ ನೂರಾರು ತೂತುಗಳ ಹಿಂದೆ ಕ್ಷಣಮಾತ್ರ ಬಿಸಿ ಮಾಡಿ, ಗುಳ್ಳೆ ಎಬ್ಬಿಸಿ, ಹನಿಯನ್ನು ಕಾಗದಕ್ಕೆ ಹಾರಿಸುತ್ತಾರೆ. ಬಿಸಿಯ ಬದಲು ಹರಳೊಂದನ್ನು ವಿದ್ಯುತ್ತಿನಿಂದ ಮಿಡಿಸಿ ಹನಿ ಹಾರಿಸುವ ಪ್ರಿಂಟರುಗಳೂ ಉಂಟು. ಹನಿ ಅಂದರೆ ಎಂಥ ಹನಿ! ಒಂದು ಮಿಲಿಲೀಟರಿನಲ್ಲಿ ಅಂಥವು ಕೋಟಿಗಟ್ಟಲೆ.

ಪ್ರಿಂಟರ್ ಅಗ್ಗ, ಕಾರ್ಟ್ರಿಜ್ ಮಾತ್ರ ತುಟ್ಟಿ ಅಂತ ಎಲ್ಲರೂ ಗೊಣಗುತ್ತೇವೆ. ಲೆಕ್ಕ ಹಾಕಿದ್ದೀರಾ? ಸಣ್ಣ ಕಾರ್ಟ್ರಿಜ್ಜಿನಲ್ಲಿ ಹತ್ತು ಮಿಲಿಲೀಟರ್ ಶಾಯಿ, ಬೆಲೆ ಸಾವಿರ ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಲೀಟರಿಗೆ ಒಂದು ಲಕ್ಷವಾಯಿತು! ನಮ್ಮ ನಂದಿನಿ ತುಪ್ಪ ಪಾಪ, ಎಷ್ಟು ಸೋವಿ. ಯಂತ್ರವನ್ನು ಕಡಿಮೆಗೆ ಕೊಟ್ಟು ಶಾಯಿಯಲ್ಲಿ ಕಾಸು ಮಾಡಿಕೊಳ್ಳುವುದು ಈ ವ್ಯಾಪಾರದ ಲಾಗಾಯ್ತಿನ ಪದ್ಧತಿ. ಡಬ್ಬಿಯ ಮೇಲೆ “ಇಷ್ಟು ನೂರು ಪುಟ” ಎಂದು ಬರೆದಿರುವುದನ್ನೂ ಅರ್ಥಮಾಡಿಕೊಳ್ಳಬೇಕು. ಅದು ಪುಟದ ನೂರರಲ್ಲಿ ಐದು ಪಾಲು ಮಾತ್ರ ಮಸಿ ತಾಕುವಂಥ ಅಕ್ಷರದ ಪುಟಗಳ ಲೆಕ್ಕ. ಮೇಷ್ಟರು ಕೇಳಿದರೆಂದು ಹಾಳೆ ತುಂಬ ಹಂಪಿಯ ಕಲ್ಲಿನ ರಥವನ್ನೋ ಜೋಗದ ಜಲಪಾತವನ್ನೋ ಹಾಕಿದರೆ ಒಂದೇ ಪುಟ ಹಲವಾರು ಪುಟಗಳ ಶಾಯಿ ಕುಡಿಯುತ್ತದೆ. ಅಂಥದ್ದು ಅಪರೂಪಕ್ಕೊಮ್ಮೆ ಬೇಕಾದರೆ ಅಂಗಡಿಯಲ್ಲಿ ತೆಗೆಸುವುದೇ ಲಾಭ. ತಿಂಗಳು ತಿಂಗಳೂ ಬೇಕಾದರೆ ಬಾಟಲಿಯಿಂದ ಶಾಯಿ ಸುರಿದುಕೊಳ್ಳುವ ಟ್ಯಾಂಕಿನ ಪ್ರಿಂಟರು ಮೊದಲಿಗೆ ತುಟ್ಟಿ ಅನ್ನಿಸಿದರೂ ಆಮೇಲೆ ಉಳಿತಾಯ.

ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸುವ ಅಭ್ಯಾಸವಿದ್ದರೆ ಬಿಡಿ. ಅದರದೇ ಗುಂಡಿ ಒತ್ತಿ ಆರಿಸಿದರೆ ತೂತುಗಳಿಗೆ ಮುಚ್ಚಳ ಹಾಕಿಕೊಂಡು ಮಲಗುತ್ತದೆ. ಇಲ್ಲದಿದ್ದರೆ ಶಾಯಿ ಒಣಗಿ ತೂತು ಕಟ್ಟುತ್ತದೆ. ಅದನ್ನು ಬಿಡಿಸಲು ಯಂತ್ರ ಮತ್ತಷ್ಟು ಶಾಯಿಯನ್ನೇ ಸುರಿಯುತ್ತದೆ. ವಾರಕ್ಕೊಂದು ಸಣ್ಣ ಬಣ್ಣದ ಚಿತ್ರ ತೆಗೆಯುತ್ತಿದ್ದರೆ ಕ್ಷೇಮ. ಟೋನರಿನ ಪ್ರಿಂಟರಿಗೆ ಈ ತೊಂದರೆಯಿಲ್ಲ, ಪುಡಿ ಒಣಗುವುದೆಲ್ಲಿಂದ ಬಂತು! ಅದರಲ್ಲಿ ಅಕ್ಷರ ಮಸುಕಾದರೆ ಕಾರ್ಟ್ರಿಜ್ ಹೊರತೆಗೆದು, ಕೇರುವ ಮೊರದ ಹಾಗೆ ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ ಮತ್ತೆ ಹಾಕಿ. ಇನ್ನಷ್ಟು ಪುಟ ಬರುತ್ತವೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಪುಡಿ ಮರುತುಂಬಿಸುವವರೂ ಇದ್ದಾರೆ. ಖಾಲಿ ಕಾರ್ಟ್ರಿಜ್ಜನ್ನು ಮಾತ್ರ ತರಕಾರಿ ಸಿಪ್ಪೆಯ ಬುಟ್ಟಿಗೆ ಹಾಕಬಾರದು, ಅದು ಇ-ಕಸಕ್ಕೆ ಸೇರಿದ್ದು.

ಇಂಕ್‌ಜೆಟ್ ಹಾಳೆಯನ್ನು ಗುರುತಿಸುವುದು ಹೇಗೆ? ಒದ್ದೆ ಬೆರಳನ್ನು ಮೂಲೆಯ ಒಂದು ಅಕ್ಷರಕ್ಕೆ ಮುಟ್ಟಿಸಿ. ಹರಡಿದರೆ ಇಂಕ್‌ಜೆಟ್ಟಿನ ನೀರುಬಣ್ಣ, ಹರಡದೆ ಬೆರಳಿಗೆ ತುಸು ಉಬ್ಬಾಗಿ ಸಿಕ್ಕರೆ ಟೋನರು. ಅರ್ಜಿಯನ್ನೋ ಕರಾರುಪತ್ರವನ್ನೋ ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದು ಇಡುವುದಾದರೆ ಅದರದೊಂದು ಜೆರಾಕ್ಸನ್ನೂ ಇಡಿ. ಗೋಡೆಗೆ ಹಾಕುವ ಹಿರಿಯರ ಫೋಟೋ ಕೂಡ ಅಷ್ಟೆ. ಅಗ್ಗದ ನೀರುಬಣ್ಣದಲ್ಲಿ ತೆಗೆಸಿ ಕಿಟಕಿಯ ಎದುರಿಗೆ ತೂಗುಹಾಕಿದರೆ ಬಿಸಿಲಿಗೆ ಮುಖದ ಬಣ್ಣವೇ ಮಾರ್ಪಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲೋ, ಸ್ಟುಡಿಯೋದವರ ಫೋಟೋ ಕಾಗದದಲ್ಲೋ ಮಾಡಿಸಿ.

ಪಾಸ್‌ಬುಕ್ಕಿನದು ಇನ್ನೊಂದು ದಾರಿ. ಸೂಜಿಗಳು ಟಕಟಕ ಅಂತ ರಿಬ್ಬನ್ನಿನ ಮೇಲೆ ಕುಟ್ಟಿ ಮಸಿಯನ್ನು ಕಾಗದಕ್ಕೆ ಇಳಿಸುತ್ತವೆ. ರಿಬ್ಬನ್ನು ಹಳತಾಗಿದ್ದರೆ ಅಂಕಿ ಮೊದಲ ದಿನವೇ ಮಸುಕು. ಕೌಂಟರಿನಲ್ಲೇ ನೋಡಿಕೊಂಡು, ಕಾಣದಿದ್ದರೆ ಕೇಳಿ.

ಮಸಿಯೇ ಇಲ್ಲದ 'ಅಚ್ಚು'

ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಅಂಗಡಿಯ ಬಿಲ್ಲು, ಎ.ಟಿ.ಎಂ. ಚೀಟಿ, ಬಸ್ಸಿನಲ್ಲಿ ಕಂಡಕ್ಟರ್ ಯಂತ್ರದಿಂದ ಹರಿದುಕೊಡುವ ಟಿಕೆಟ್ಟು, ಇವುಗಳಲ್ಲಿ ಮಸಿಯೂ ಇಲ್ಲ, ಪುಡಿಯೂ ಇಲ್ಲ. ಬಣ್ಣ ಕಾಗದದಲ್ಲೇ ಅಡಗಿರುತ್ತದೆ. ನುಣುಪಾದ ಆ ಕಾಗದಕ್ಕೆ ಒಂದು ಲೇಪ ಕೊಟ್ಟಿರುತ್ತಾರೆ, ಬಿಸಿ ತಾಕಿದ ಕಡೆ ಅದು ಕಪ್ಪಾಗುತ್ತದೆ. ಥರ್ಮಲ್ ಪೇಪರ್ ಅನ್ನುತ್ತಾರೆ. ಪರೀಕ್ಷೆ ಬೇಕೆ? ಉಗುರಿನಿಂದ ಜೋರಾಗಿ ಗೀರಿ. ಉಜ್ಜಿದ ಕಾವಿಗೇ ಕಪ್ಪು ಗೆರೆ ಮೂಡಿದರೆ ಥರ್ಮಲ್.

ಬಿಸಿಯಿಂದ ಬಂದದ್ದು ಬಿಸಿಗೇ ಕೆಡುತ್ತದೆ. ಒಲೆಯ ಹತ್ತಿರದ ಡಬ್ಬಿಯಲ್ಲಿಟ್ಟರೆ ಹಾಳೆ ಪೂರ್ತಿ ಕಪ್ಪಾದೀತು. ಬಿಸಿಲಿಗೆ, ಎಣ್ಣೆ ಕೈಗೆ, ಸ್ಯಾನಿಟೈಸರಿಗೆ, ಮೆತ್ತನೆಯ ಪ್ಲಾಸ್ಟಿಕ್ ಕವರಿಗೆ ಅಕ್ಷರ ಮಾಯವಾದೀತು. ಎರಡು ವರ್ಷದ ವಾರಂಟಿ ಇರುವ ಮಿಕ್ಸಿಯ ಬಿಲ್ಲು ವಾರಂಟಿ ಮುಗಿಯುವ ಮೊದಲೇ ಬಿಳುಚಿಕೊಂಡರೆ ಅಂಗಡಿಯವನಿಗೆ ಏನು ತೋರಿಸುತ್ತೀರಿ?

ಬಿಲ್ಲು ಹೋದರೆ ಹೋಗಲಿ. ಇ.ಸಿ.ಜಿ.ಯ ಗುಲಾಬಿ ಚೌಕಳಿಯ ಪಟ್ಟಿಯೂ ಸಾಮಾನ್ಯವಾಗಿ ಇದೇ ಕಾಗದ. ಎದೆನೋವೆಂದು ಮಾವನವರನ್ನು ಅವಸರದಲ್ಲಿ ಕರೆದೊಯ್ದಾಗ ಡಾಕ್ಟರು ಮೊದಲು ಕೇಳುವುದು “ಹಳೆಯ ಇ.ಸಿ.ಜಿ. ಇದೆಯೇ?” ಎಂದು. ಹೊಸದರಲ್ಲಿ ಕಾಣುವ ವ್ಯತ್ಯಾಸ ಇವತ್ತಿನದೋ, ಮುಂಚಿನಿಂದ ಇದ್ದದ್ದೋ ಎಂದು ಹೋಲಿಸಿ ನೋಡಬೇಕು ಅವರಿಗೆ. ಆಗ ಕೈಯಲ್ಲಿ ಖಾಲಿ ಚೌಕಳಿ ಹಾಳೆ ಹಿಡಿದು ನಿಲ್ಲುವಂತಾಗಬಾರದು. ಬಸಿರಿನ ಸ್ಕ್ಯಾನಿಂಗಿನಲ್ಲಿ ಕೊಡುವ ಹೊಳಪಿನ ಸಣ್ಣ ಕಪ್ಪುಬಿಳಿ ಚಿತ್ರವೂ ಹೀಗೆಯೇ. ಮೊಮ್ಮಗುವಿನ ಮೊದಲ ಚಿತ್ರವೆಂದು ಮುಚ್ಚಟೆಯಿಂದ ಎತ್ತಿಟ್ಟಿರುತ್ತೀರಿ, ಆ ಮಗು ಶಾಲೆಗೆ ಹೋಗುವ ಹೊತ್ತಿಗೆ ತೆರೆದರೆ ಬೂದಿಬಣ್ಣದ ಹಾಳೆ.

ಉಪಾಯ ಸುಲಭ. ಥರ್ಮಲ್ ಕಾಗದ ಕೈಗೆ ಬಂದ ವಾರದೊಳಗೆ ಅದರ ಜೆರಾಕ್ಸ್ ಮಾಡಿಸಿ, ತಾರೀಕು ಬರೆದು, ಮೂಲದ ಜೊತೆ ಲಕೋಟೆಯಲ್ಲಿಡಿ. ಫೋನಿನಲ್ಲಿ ಫೋಟೋವನ್ನೂ ತೆಗೆದಿಡಿ. ಭದ್ರವಾಗಿರಲಿ ಅಂತ ಲ್ಯಾಮಿನೇಷನ್ನಿಗೆ ಮಾತ್ರ ಕೊಡಬೇಡಿ! ಲ್ಯಾಮಿನೇಷನ್ ಯಂತ್ರವೂ ಬಿಸಿಯದೇ, ಹಾಳೆ ಆ ಬದಿಯಿಂದ ಹೊರಬರುವಾಗ ಹಂಚಿನ ತಳದಂತೆ ಕಪ್ಪಗಿರುತ್ತದೆ. ಈ ಲೇಪದಲ್ಲಿ ಬಿಸ್‌ಫೀನಾಲ್ ಎಂಬ ರಾಸಾಯನಿಕ ಇರುವುದುಂಟು. ಆದ್ದರಿಂದ ಎಳೆಮಕ್ಕಳಿಗೆ ಆಡಲು, ಕಚ್ಚಲು ಬಿಲ್ಲು ಕೊಡಬೇಡಿ.

ಕಲೆ ಹೋಗುತ್ತದೆಯೇ?

ಬಟ್ಟೆಯ ಕಲೆಗೂ ಕಾಗದದ ನಿಯಮವೇ. ಬಾಲ್‌ಪೆನ್ನಿನ ಮಸಿ ಎಣ್ಣೆಯಂಥದು, ಸ್ಪಿರಿಟ್ಟಿಗೆ ಬಿಡುತ್ತದೆ. ಕೆಳಗೆ ಹಳೆಬಟ್ಟೆ ಇಟ್ಟು ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ, ಉಜ್ಜಿದರೆ ಹರಡುತ್ತದೆ. ಇಂಕ್‌ಜೆಟ್ಟಿನ ಶಾಯಿ ಒಣಗುವ ಮೊದಲೇ ತಣ್ಣೀರು, ಸೋಪು. ಟೋನರ್ ಪುಡಿ ಸೀರೆಯ ಮೇಲೆ ಚೆಲ್ಲಿತೋ, ಗಾಬರಿಯಾಗಿ ಬಿಸಿನೀರಿಗೆ ಹಾಕಬೇಡಿ, ಕೈಯಲ್ಲಿ ತಿಕ್ಕಲೂಬೇಡಿ. ಅದು ಇನ್ನೂ ರಂಗೋಲಿಯ ಸ್ಥಿತಿಯಲ್ಲಿರುತ್ತದೆ. ಹೊರಗೆ ಕೊಡವಿ, ಮೆತ್ತನೆಯ ಬ್ರಷ್ಷಿನಲ್ಲಿ ತೆಗೆದು, ಆಮೇಲೆ ತಣ್ಣೀರು. ಬಿಸಿ ತಾಕಿತೆಂದರೆ ಕರಗಿ ಎಳೆಗೇ ಅಂಟಿಬಿಟ್ಟೀತು. ನೆಲಕ್ಕೆ ಚೆಲ್ಲಿದರೆ ಗುಡಿಸುವ ಬದಲು ತಣ್ಣನೆಯ ಒದ್ದೆಬಟ್ಟೆಯಿಂದ ಒರೆಸಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ಅಷ್ಟು ಸಣ್ಣ ಪುಡಿ ಅದರ ಜಾಲರಿಯಿಂದ ತೂರಿ ಕೋಣೆಯ ತುಂಬ ಹಾರುತ್ತದೆ.

ಯಾವ ಉಪಾಯಕ್ಕೂ ಬಗ್ಗದ ಕಪ್ಪು ಒಂದಿದೆ, ಅದೂ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು, ಬಣ್ಣಗಳಿಗಾಗಿ ಶುರುವಾದ ಕಾರ್ಖಾನೆ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗುತ್ತಿದೆ, ಹೊರದೇಶಗಳಿಗೂ ರಫ್ತಾಗುತ್ತದೆ. ಅದರಲ್ಲಿರುವುದು ಬೆಳ್ಳಿಯ ಲವಣ, ಸಿಲ್ವರ್ ನೈಟ್ರೇಟ್. ಬೆವರಿನ ಉಪ್ಪಿನೊಡನೆ ಸೇರಿ, ಬೆಳಕು ತಾಕಿದಂತೆ ಬೆಳ್ಳಿ ಕಪ್ಪಾಗಿ ಚರ್ಮದಲ್ಲೇ ನಿಲ್ಲುತ್ತದೆ. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಜಗ್ಗುವುದಿಲ್ಲ. ಚರ್ಮದ ಮೇಲಿನದು ಮೇಲ್ಪದರ ಸವೆದಂತೆ ಹೋಗುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದ ಹಾಗೆ ತಿಂಗಳುಗಟ್ಟಲೆ ಮುಂದೆ ಮುಂದೆ ಸರಿದು, ಕೊನೆಗೆ ಉಗುರು ಕತ್ತರಿಸುವ ದಿನ ಅದರ ಜೊತೆಗೇ ಹೋಗುತ್ತದೆ.